ಗಂಡುಮಕ್ಕಳ ಓದು: ಟ್ಯೂಷನ್‌ಗೆ ಮೊದಲು ಮನೆಯಲ್ಲಿ ಆಗಬೇಕಾದದ್ದು

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ರಾಜ್ಯದ ಹೆಣ್ಣುಮಕ್ಕಳಲ್ಲಿ ಶೇ 81.11ರಷ್ಟು ಮಂದಿ ತೇರ್ಗಡೆಯಾದರೆ, ಗಂಡುಮಕ್ಕಳ ಪ್ರಮಾಣ ಶೇ 65.90ಕ್ಕೆ ನಿಂತಿತು. ಇಂಥ ಅಂತರ ಹತ್ತನೇ ತರಗತಿಯಲ್ಲಿ ದಿಢೀರನೆ ಹುಟ್ಟುವಂಥದ್ದಲ್ಲ. ನಾಲ್ಕನೇ ತರಗತಿಗೆ ಬಂದರೂ ಓದು ಸರಾಗವಾಗದ ಹುಡುಗ ಮುಂದೆ ಸಮಾಜ, ವಿಜ್ಞಾನದಲ್ಲಷ್ಟೇ ಅಲ್ಲ, ವಾಕ್ಯರೂಪದ ಲೆಕ್ಕಗಳಲ್ಲೂ ಎಡವುತ್ತಾನೆ. ಆದ್ದರಿಂದ ಮೊದಲ ಕೆಲಸ, ಅವನು ಓದುವುದನ್ನು ಕೂತು ಕೇಳುವುದು.

ಹಿಂದೆ ಓದಿರದ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ, ನಡುವೆ ತಿದ್ದಬೇಡಿ. (ಹೆತ್ತವರಿಗೆ ಇದೇ ಕಷ್ಟ.) ‘ವಿಸ್ತಾರ’ವನ್ನು ‘ವಿಸಾರ’ ಎಂದರೆ ಒತ್ತಕ್ಷರದ ಅಭ್ಯಾಸ ಸಾಲದು. ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಿದ್ದರೆ ಕಾಗುಣಿತಕ್ಕೇ ಮರಳಬೇಕು. ತಡವರಿಸದೆ ಓದಿಯೂ ಓದಿದ್ದೇನೆಂದು ಹೇಳಲಾರದಿದ್ದರೆ ತೊಡಕು ಅರ್ಥದಲ್ಲಿದೆ. ಪೇರೆಂಟ್ಸ್ ಮೀಟಿಂಗ್‌ನಲ್ಲಿ ‘ಓದುವುದೇ ಇಲ್ಲ ಮೇಡಂ’ ಎನ್ನುವ ಬದಲು ಇದನ್ನು ತಿಳಿಸಿದರೆ ಶಿಕ್ಷಕರಿಗೂ ದಾರಿ ಸಿಗುತ್ತದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದರೂ ಅಕ್ಷರಗಳು ಅದಲುಬದಲಾಗುತ್ತಿದ್ದರೆ ಕಣ್ಣು, ಕಿವಿ ಪರೀಕ್ಷಿಸಿ, ಬಳಿಕ ನಿಮ್ಹಾನ್ಸ್‌ನಂಥ ಕಡೆ ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಬೇಕು. ಅದನ್ನು ಸೋಮಾರಿತನವೆಂದು ಬೈಯುವುದು ಅನ್ಯಾಯ.

ಇನ್ನು ಸಮಯ. ಸಂಜೆ ಸ್ಕೂಲ್ ವ್ಯಾನಿನಿಂದ ಇಳಿದವನನ್ನು ನೇರವಾಗಿ ಹೋಂವರ್ಕಿಗೆ ಕೂರಿಸದೆ, ಕೆಳಗೆ ಪಾರ್ಕಿಂಗ್ ಜಾಗದಲ್ಲಾದರೂ ಮುಕ್ಕಾಲು ಗಂಟೆ ಆಡಲು ಬಿಡಿ. ಅನಂತರ ದಿನವೂ ಹದಿನೈದು ನಿಮಿಷ ಓದು ಸಾಕು, ಆದರೆ ತಪ್ಪಬಾರದು. ಸಾಧ್ಯವಾದರೆ ಜೊತೆಯಲ್ಲಿ ಅಪ್ಪ ಕೂರಲಿ, ಏಕೆಂದರೆ ಓದು ಅಮ್ಮನ ಇಲಾಖೆ ಎಂಬ ಭಾವನೆ ಹುಡುಗರಲ್ಲಿ ಬೇಗ ಬೇರೂರುತ್ತದೆ. ಆರರಿಂದ ಹನ್ನೆರಡು ವರ್ಷದವರಿಗೆ ಒಂಬತ್ತು ಗಂಟೆಗಿಂತ ಕಡಿಮೆ ನಿದ್ದೆ ಸಾಲದು.

ಬರವಣಿಗೆಗೆ ನನ್ನ ಪ್ರಕಾರ ಅಡುಗೆಮನೆಗಿಂತ ಒಳ್ಳೆಯ ತರಗತಿಯಿಲ್ಲ. ಭಾನುವಾರ ಚಿತ್ರಾನ್ನಕ್ಕೆ ಅಕ್ಕಿಯನ್ನು ಅವನೇ ಅಳೆಯಲಿ, ಈರುಳ್ಳಿ ಹೆಚ್ಚಲಿ, ನೀವು ಪಕ್ಕದಲ್ಲಿ ನಿಂತಿರುವಾಗ ಸಾಸಿವೆ ಸಿಡಿಸಲಿ. ಊಟವಾದ ಮೇಲೆ ಮಾಡಿದ ಕ್ರಮವನ್ನು ಆರೇಳು ವಾಕ್ಯಗಳಲ್ಲಿ ಬರೆಯಲಿ. ಒಗ್ಗರಣೆಗೂ ಮೊದಲೇ ನಿಂಬೆರಸ ಹಿಂಡಿದ್ದಾಗಿ ಬರೆದಿದ್ದರೆ ಕೆಂಪು ಪೆನ್ನು ಹಿಡಿಯಬೇಡಿ. ಅದನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿದರೆ, ಬಾಣಲೆಯ ಮುಂದೆ ನಿಂತಿದ್ದವನಿಗೆ ತಪ್ಪು ತಾನಾಗಿ ಕಾಣುತ್ತದೆ.