ರೋಮ್‌ನಿಂದ ಅಥೆನ್ಸ್‌ಗೆ ಎಷ್ಟು ಹೊತ್ತು?

ಅಮ್ಮನಿಗೆ ಮಂಡಿನೋವು. ಎರಡು ಗಂಟೆಗಿಂತ ಹೆಚ್ಚು ಒಂದೇ ಸಮನೆ ಕೂತರೆ ಏಳೋದು ಕಷ್ಟ. ಹಾಗಾಗಿ ಮೇ ತಿಂಗಳಲ್ಲಿ ಅವರನ್ನು ರೋಮ್, ಅಥೆನ್ಸ್ ತೋರಿಸೋಕೆ ಕರೆದುಕೊಂಡು ಹೊರಟಾಗ, ಟಿಕೆಟ್ ದರಕ್ಕಿಂತ ಮೊದಲು ನಾನು ನೋಡಿದ್ದು ಪ್ರಯಾಣದ ಹೊತ್ತು.

ವಿಮಾನ ರೋಮ್ ಬಿಡೋದು ಬೆಳಿಗ್ಗೆ 10ಕ್ಕೆ, ಅಥೆನ್ಸ್ ಸೇರೋದು ಮಧ್ಯಾಹ್ನ 1ಕ್ಕೆ. ವಾಪಸ್ ಬರುವಾಗ 2ಕ್ಕೆ ಹೊರಟು 3ಕ್ಕೆ ರೋಮ್. "ಹೋಗ್ತಾ ಮೂರು ಗಂಟೆ, ಬರ್ತಾ ಒಂದೇನಾ? ಅದು ಹ್ಯಾಗೇ?" ಅಂದರು ಅಮ್ಮ.

ಅಥೆನ್ಸ್ ಗಡಿಯಾರ ರೋಮ್‌ಗಿಂತ ಒಂದು ಗಂಟೆ ಮುಂದೆ ಅಂತ ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ. ಸರಿ, ದೂರವನ್ನೇ ಲೆಕ್ಕ ಹಾಕೋಣ ಅಂತ ಕೂತೆ. ರೋಮ್ 41.9 ಡಿಗ್ರಿ ಉತ್ತರ, 12.5 ಪೂರ್ವ. ಅಥೆನ್ಸ್ 38 ಉತ್ತರ, 23.7 ಪೂರ್ವ. ಅಕ್ಷಾಂಶದ ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 1.85 ಕಿ.ಮೀ.). ರೇಖಾಂಶಕ್ಕೂ ಅದನ್ನೇ ಹಿಡಿದೆ, ದೂರ 1,300 ಕಿ.ಮೀ. ದಾಟಿತು. ತಪ್ಪು ಅಲ್ಲೇ ಇತ್ತು. ಉತ್ತರಕ್ಕೆ ಹೋದ ಹಾಗೆ ರೇಖಾಂಶಗಳು ಹತ್ತಿರ ಹತ್ತಿರ ಬರುತ್ತವೆ. 40 ಡಿಗ್ರಿಯಲ್ಲಿ ಅವುಗಳ ಅಂತರವನ್ನು 0.766ರಿಂದ ಗುಣಿಸಬೇಕು. ಹಾಗೆ ಮಾಡಿದಾಗ ಸುಮಾರು 566 ನಾಟಿಕಲ್ ಮೈಲಿ, ಅಂದರೆ 1,050 ಕಿ.ಮೀ. ಆಸುಪಾಸು ಬಂತು. ಗಂಟೆಗೆ 800 ಕಿ.ಮೀ. ವೇಗದಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ರನ್‌ವೇವರೆಗೆ ಉರುಳೋದು, ಮೇಲೇರೋದು, ಇಳಿಯೋದು ಸೇರಿದರೆ ಎರಡು ಗಂಟೆ.

ಹಡಗಿನ ದಾರಿಯೂ ಇದೆ. ರೋಮ್‌ನಿಂದ ಇಟಲಿಯದೇ ಬಂದರು ಊರಾದ ಬಾರಿಗೆ ರೈಲು, ಅಲ್ಲಿಂದ ಗ್ರೀಸ್‌ನ ಪಾತ್ರಾಸ್ ಬಂದರಿಗೆ ರಾತ್ರಿಯಿಡೀ ಹಡಗು, ಮತ್ತೆ 200 ಕಿ.ಮೀ.ಗೂ ಹೆಚ್ಚು ಬಸ್ಸು. ಅಮ್ಮನ ಮಂಡಿಗೆ ಅದು ಆಗದ ಮಾತು.

ನಿಜವಾಗಿ ಹೊತ್ತು ಹಿಡಿದದ್ದು ನೆಲದ ಮೇಲೆ. ಟರ್ಮಿನಿ ಸ್ಟೇಷನ್ ಪಕ್ಕದ ಹೋಟೆಲ್ 7:15ಕ್ಕೆ ಬಿಟ್ಟೆವು. ಫ್ಯೂಮಿಚಿನೋ ಏರ್‌ಪೋರ್ಟಿಗೆ ರೈಲಿನಲ್ಲಿ 32 ನಿಮಿಷ. ಆ ಕಡೆ ಇಳಿದ ಮೇಲೆ ಅಥೆನ್ಸ್ ನಡುಮಧ್ಯದ ಸಿಂಟಗ್ಮಾ ಚೌಕಕ್ಕೆ ಮೆಟ್ರೋದಲ್ಲಿ 40 ನಿಮಿಷ. ಎರಡೂ ದೇಶ ಷೆಂಗೆನ್‌ನೊಳಗೇ (ತಮ್ಮ ನಡುವೆ ಗಡಿ ತಪಾಸಣೆ ಬಿಟ್ಟಿರುವ ಯುರೋಪಿನ ದೇಶಗಳ ಕೂಟ) ಇರೋದರಿಂದ ಇಮಿಗ್ರೇಷನ್ ಸಾಲು ಇರಲಿಲ್ಲ, ಅಷ್ಟು ಹೊತ್ತು ಉಳಿಯಿತು. ಆದರೂ ರೂಮು ಸೇರಿದಾಗ ಅಲ್ಲಿನ ಮಧ್ಯಾಹ್ನ 3 ಗಂಟೆ. ಬಾಗಿಲಿನಿಂದ ಬಾಗಿಲಿಗೆ ಆರೂಮುಕ್ಕಾಲು ಗಂಟೆ.

ವಯಸ್ಸಾದವರನ್ನು ಕರೆದೊಯ್ಯುವವರಿಗೆ ಒಂದು ಮಾತು: ಹೊರಡುವುದಕ್ಕೆ 48 ಗಂಟೆ ಮೊದಲೇ ವಿಮಾನ ಕಂಪನಿಗೆ ತಿಳಿಸಿದರೆ, ಯುರೋಪಿಯನ್ ಒಕ್ಕೂಟದ ಏರ್‌ಪೋರ್ಟುಗಳಲ್ಲಿ ಗಾಲಿಕುರ್ಚಿಯ ನೆರವು ಉಚಿತ. ಇದರಿಂದ ನಮಗೆ ಆದ ಉಪಕಾರ ಅಷ್ಟಿಷ್ಟಲ್ಲ.

ಅಮ್ಮನ ಕೈಯಲ್ಲಿದ್ದದ್ದು ಹಳೆಯ ಎಚ್‌ಎಂಟಿ ವಾಚು. ಮನೆ ಬಿಟ್ಟಾಗಿನಿಂದ ಅದರ ಮುಳ್ಳು ತಿರುಗಿಸಿರಲಿಲ್ಲ, ಊರಿನ ಸಮಯವನ್ನೇ ತೋರಿಸುತ್ತಿತ್ತು. ವಿಮಾನ ಹೊರಟಾಗ ನೋಡಿದರು, ಒಂದೂವರೆ. ಅಥೆನ್ಸ್‌ನಲ್ಲಿ ನಿಂತಾಗ ಮತ್ತೆ ನೋಡಿದರು, ಮೂರೂವರೆ.

"ಎರಡೇ ಗಂಟೆ ಕಣೇ," ಅಂದು ಸೀಟ್ ಬೆಲ್ಟ್ ಬಿಚ್ಚಿದರು.