ಮಾತು ಬರುತ್ತೆ, ಓದಲು ಬರಲ್ಲ: ಮನೆಮಾತು ಮ್ಯಾಂಡರಿನ್ ಆದವರು ಚೀನೀ ಲಿಪಿ ಕಲಿಯುವ ಬಗೆ

ಮನೆಯಲ್ಲಿ ಮ್ಯಾಂಡರಿನ್ ಆಡುತ್ತಾ ಬೆಳೆದು ಶಾಲೆಯನ್ನು ಇಂಗ್ಲಿಷಿನಲ್ಲಿ ಮುಗಿಸಿದವರು ಹೊಸಬರ ಚೀನೀ ತರಗತಿಗೆ ಸೇರಿದರೆ ಬೇಸರ ಖಂಡಿತ. ಗೊತ್ತಿರುವ ಮಾತನ್ನೇ ಅಲ್ಲಿ ತಿಂಗಳುಗಟ್ಟಲೆ ಹೇಳಿಕೊಡುತ್ತಾರೆ. ನಿಮಗೆ ಬೇಕಿರುವುದು ಲಿಪಿ. ಹೊರದೇಶದಲ್ಲಿ ಬೆಳೆದ ಕನ್ನಡದ ಮಗು 49 ಅಕ್ಷರ, ಕಾಗುಣಿತ, ಒತ್ತಕ್ಷರ ದಾಟಿದರೆ ಅಜ್ಜಿಯ ಪತ್ರ ಓದೀತು. ಚೀನೀಯಲ್ಲಿ ಆ ಸುಖವಿಲ್ಲ: 1988ರಲ್ಲಿ ಚೀನಾ ಸರ್ಕಾರ ಹೊರತಂದ ನಿತ್ಯಬಳಕೆಯ ಪಟ್ಟಿಯಲ್ಲೇ 2500 ಅಕ್ಷರಗಳಿವೆ, ಅದರಾಚೆ ಇನ್ನೂ 1000.

ಮೊದಲು ಯಾವ ಲಿಪಿ ಎಂದು ತೀರ್ಮಾನಿಸಿ. ನೆಂಟರು ಚೀನಾ, ಸಿಂಗಪುರ, ಮಲೇಷ್ಯಾದವರಾದರೆ ಸರಳೀಕೃತ, ತೈವಾನಿನವರಾದರೆ ಸಾಂಪ್ರದಾಯಿಕ. 'ಕುದುರೆ'ಗೆ ಮೊದಲನೆಯದರಲ್ಲಿ 3 ಗೆರೆ, ಎರಡನೆಯದರಲ್ಲಿ 10. ಎರಡನ್ನೂ ಒಟ್ಟಿಗೆ ಹಿಡಿಯಬೇಡಿ.

ಒಂದು ವಾರ, ಚೀನೀ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿಯಾದ ಪಿನ್‌ಯಿನ್‌ಗೆ ಕೊಡಿ. ಮನೆಯಲ್ಲಿ ಆಡುವ ಇಪ್ಪತ್ತು ಮಾತುಗಳನ್ನು ಫೋನಿನಲ್ಲಿ ಹೀಗೆ ಟೈಪ್ ಮಾಡಿ, ಯಾವ ಚೀನೀ ಅಕ್ಷರ ಬರುತ್ತದೆ ನೋಡಿ. ಬೇಕಾದ ಪದ ಬರಲೇ ಇಲ್ಲವೆಂದರೆ ತಪ್ಪು ಬಹುಪಾಲು ಮನೆಯ ಉಚ್ಚಾರದ್ದು: ದಕ್ಷಿಣ ಚೀನಾ ಮೂಲದ ಕುಟುಂಬಗಳಲ್ಲಿ 'ಶ' 'ಸ' ಆಗುತ್ತದೆ, ಕೊನೆಯ 'ನ್' ಮತ್ತು 'ಂಗ್' ಕಲಸಿಹೋಗುತ್ತವೆ. ಕೀಬೋರ್ಡಿನಲ್ಲಿ ಇಂಥ ತಪ್ಪನ್ನು ಮನ್ನಿಸುವ 'ಅಸ್ಪಷ್ಟ ಪಿನ್‌ಯಿನ್' ಸೌಲಭ್ಯವಿದೆ; ಸದ್ಯಕ್ಕೆ ಅದನ್ನು ಮುಟ್ಟದೆ ಸರಿಯಾದ ಕಾಗುಣಿತ ಕಲಿಯಿರಿ.

ಮೊದಲ ನೂರು ಅಕ್ಷರಗಳನ್ನು ಮಾತ್ರ ಕೈಯಲ್ಲಿ ಬರೆಯಿರಿ, ದಿನಕ್ಕೆ ಹತ್ತರಂತೆ. ಗೆರೆಗಳು ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಆ ಹೊತ್ತಿಗೆ ನೀರು, ಬಾಯಿ, ಹೆಣ್ಣು, ಮನಸ್ಸು, ಮಾತು ಮುಂತಾದ ಬಿಡಿಭಾಗಗಳು ಕಣ್ಣಿಗೆ ಅಂಟಿರುತ್ತವೆ. ಇಲ್ಲಿಂದ ನಿಮ್ಮ ಕಿವಿ ದುಡಿಯಲು ಶುರು. ಹೆಚ್ಚಿನ ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಉಚ್ಚಾರದ ಸುಳಿವು. ಕುದುರೆ ಅಂದರೆ 'ಮಾ'. ಅದರ ಪಕ್ಕ ಹೆಣ್ಣು ನಿಂತರೆ ಅಮ್ಮ, ಬಾಯಿ ನಿಂತರೆ ಪ್ರಶ್ನೆ ಕೇಳುವ 'ಮಾ', ತಲೆ ಮೇಲೆ ಎರಡು ಬಾಯಿ ಕೂತರೆ ಬೈಯುವುದು. ಎಲ್ಲವೂ 'ಮಾ', ಸ್ವರದ ಏರಿಳಿತ ಮಾತ್ರ ಬೇರೆ. ಹೊಸಬರು ಇದನ್ನು ಬಾಯಿಪಾಠ ಮಾಡಬೇಕು. ನೀವು ಗಟ್ಟಿಯಾಗಿ ಹೇಳಿಕೊಂಡರೆ ಸಾಕು. ಹಾಗೆಯೇ 'ಚಿಂಗ್' ಗುಂಪು: 'ಚಿಂಗ್' ಎನ್ನುವ ಭಾಗದ ಪಕ್ಕ ನೀರಿದ್ದರೆ ತಿಳಿಯಾದದ್ದು, ಮನಸ್ಸಿದ್ದರೆ ಭಾವನೆ, ಮಾತಿದ್ದರೆ 'ದಯವಿಟ್ಟು', ಸೂರ್ಯನಿದ್ದರೆ ಶುಭ್ರ ಆಕಾಶ. ಸೂರ್ಯನ ಜಾಗಕ್ಕೆ ಕಣ್ಣು ಬಂದರೆ ಮಾತ್ರ 'ಜಿಂಗ್'. ಸೂರ್ಯನಿಗೂ ಕಣ್ಣಿಗೂ ಒಂದೇ ಗೆರೆಯ ಅಂತರ, ಎಡವುವುದು ಅಲ್ಲೇ.

ಅದೇ ಕಿವಿ ಮೋಸವನ್ನೂ ಮಾಡುತ್ತದೆ. ಬ್ಯಾಂಕಿಗೆ 'ಯಿನ್-ಹಾಂಗ್' ಎನ್ನುತ್ತಾರೆ. ಮೊದಲ ಅಕ್ಷರ ಕಂಡ ಕೂಡಲೇ ಬಾಯಿ ಪೂರ್ತಿ ಪದ ಹೇಳಿಬಿಡುತ್ತದೆ, ಎರಡನೆಯದನ್ನು ಕಣ್ಣು ನೋಡುವುದೇ ಇಲ್ಲ. ಆ ಎರಡನೆಯದು ಒಂಟಿಯಾಗಿ ಬಂದಾಗ 'ಶಿಂಗ್', ಅಂದರೆ ನೀವು ದಿನವೂ ಹೇಳುವ 'ಸರಿ, ಆಯ್ತು'. ಹಾಗೆ ಎದುರಾದಾಗ ಗುರುತೇ ಸಿಗುವುದಿಲ್ಲ. ಪ್ರತಿ ಅಕ್ಷರವನ್ನೂ ಎರಡು ಬೇರೆ ಪದಗಳಲ್ಲಿ ಕಲಿಯಿರಿ. ವಾರಕ್ಕೊಮ್ಮೆ ಬಿಡಿ ಅಕ್ಷರಗಳ ಚೀಟಿ ಕಲಸಿ ಓದಿ. ಧಾರಾವಾಹಿಯ ಸಬ್‌ಟೈಟಲ್‌ನಲ್ಲೂ ಇದೇ ಕಥೆ: ದನಿಯಿದ್ದರೆ ಕಣ್ಣಿಗೆ ರಜೆ. ಐದು ನಿಮಿಷ ದನಿಯಿಲ್ಲದೆ ಓದಿ, ಆಮೇಲೆ ದನಿ ಹಾಕಿ ತಾಳೆ ನೋಡಿ. ಅಕ್ಷರದ ನೆತ್ತಿಯ ಮೇಲೆ ಪಿನ್‌ಯಿನ್ ಇರುವ ಮಕ್ಕಳ ಪುಸ್ತಕವಾದರೆ ಆ ಸಾಲಿಗೆ ಕಾಗದದ ಪಟ್ಟಿ ಮುಚ್ಚಿ.

ಟೈಪ್ ಮಾಡುವಾಗ ಅವನು, ಅವಳು, ಅದು ಮೂರೂ 'ತಾ'. ಫೋನ್ ಮೊದಲು ತೋರಿಸಿದ್ದನ್ನೇ ಒತ್ತಿದರೆ ಅತ್ತೆ 'ಅವನು' ಆಗುತ್ತಾರೆ.

ಸಾವಿರ ಅಕ್ಷರ ಬಂದರೆ ಸಾಮಾನ್ಯ ಬರಹದ ಸುಮಾರು ಶೇ. 90 ಪರಿಚಿತ. ಕೇಳಲು ಚೆಂದ, ಆದರೆ ಸಾಲಿಗೊಂದೆರಡು ಹಳ್ಳ ಉಳಿದೇ ಇರುತ್ತವೆ. ಎಲ್ಲ ಅಕ್ಷರ ಗೊತ್ತಿದ್ದೂ ಅರ್ಥವಾಗದಿದ್ದರೆ ಅದು ಗ್ರಾಂಥಿಕ ಪದ. ಬೀಡಿ-ಸಿಗರೇಟು ಸೇದುವುದಕ್ಕೆ ಮನೆಯಲ್ಲಿ 'ಚೌ-ಯೆನ್', ಬೋರ್ಡಿನ ಮೇಲೆ 'ಶೀ-ಯೆನ್'. 'ಬೇಡ' ಎನ್ನಲು ಮನೆಯಲ್ಲಿ 'ಬಿಯೆ', ಬೋರ್ಡಿನಲ್ಲಿ 'ಚಿಂಗ್ ವೂ'. ನೋಟ್‌ಬುಕ್ಕಿನ ಎಡಕ್ಕೆ ಮನೆಮಾತು, ಬಲಕ್ಕೆ ಬರಹದ ಮಾತು ಇಡುತ್ತಾ ಹೋಗಿ.

ಪತ್ರಿಕೆಗೆ ಬಂದಾಗ ಇನ್ನೊಂದು ತೊಡಕು: ಪದಗಳ ನಡುವೆ ಜಾಗವಿಲ್ಲ, ಹೆಸರಿಗೆ ದೊಡ್ಡಕ್ಷರವಿಲ್ಲ. 'ತರಗತಿ', 'ಕೂಡಿಸು' ಎಂದೆಲ್ಲ ಅರ್ಥವಿರುವ ನಾಲ್ಕು ಅಕ್ಷರ ಸಾಲಾಗಿ ಬಂದು ತಲೆಬುಡ ತಿಳಿಯದಿದ್ದರೆ, ಅರ್ಥ ಬಿಟ್ಟು ಜೋರಾಗಿ ಓದಿ: ಬಾನ್-ಜ್ಯಾ-ಲ್ವೋ-ಅರ್. ಬೆಂಗಳೂರು.