ಮಧ್ಯಕಿವಿಯ ಮೂಳೆಗಳನ್ನು ಯಾವುದು ಎಲ್ಲಿ ಹಿಡಿದಿದೆ: ಚಿತ್ರ ಬರೆದು ಕಲಿಯಿರಿ

ಮೂಳೆಗಳನ್ನು ಜಾಗದಲ್ಲಿ ಹಿಡಿದಿಡುವ ನಾರಿನ ಪಟ್ಟಿಗಳಾದ ಲಿಗಮೆಂಟ್‌ಗಳ ಹೆಸರನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಬೇಗ ಮರೆತುಹೋಗುತ್ತವೆ. ಒಂದು ಚಿತ್ರ ಬರೆಯಿರಿ, ಅದೂ ಮೇಲಿಂದ ಇಣುಕಿದ ಹಾಗೆ. ಮುಂದಿನಿಂದ ನೋಡಿದ ಚಿತ್ರದಲ್ಲಿ ಅತಿ ಮುಖ್ಯವಾದ ಎರಡು ಲಿಗಮೆಂಟ್‌ಗಳು ಒಂದರ ಹಿಂದೆ ಒಂದು ಅಡಗಿಬಿಡುತ್ತವೆ.

ಬಲಗಿವಿ ಅಂದುಕೊಳ್ಳಿ, ಮೂಗು ಹಾಳೆಯ ಮೇಲ್ತುದಿಯ ಕಡೆಗಿರಲಿ. ಆಗ ಕಿವಿತಮಟೆ ಬಲಕ್ಕೆ ಬರುತ್ತದೆ, ಒಳಕಿವಿ ಎಡಕ್ಕೆ. ನಡುವೆ ಮ್ಯಾಲಿಯಸ್, ಇಂಕಸ್, ಸ್ಟೇಪಿಸ್ ಎಂಬ ಮೂರು ಪುಟ್ಟ ಮೂಳೆಗಳು. ಮುಂದುಗಡೆ ಮ್ಯಾಲಿಯಸ್‌ನ ತಲೆ, ಅದರ ಬೆನ್ನಿಗೇ ಇಂಕಸ್. ಇಂಕಸ್‌ನ ಉದ್ದನೆಯ ಕಾಲು ಕೆಳಗಿಳಿದು ಎಡಕ್ಕೆ ತಿರುಗಿ ಸ್ಟೇಪಿಸ್‌ನ ತಲೆಯನ್ನು ಮುಟ್ಟುತ್ತದೆ. ಸ್ಟೇಪಿಸ್‌ನ ಪಾದ ಒಳಕಿವಿಯ ಅಂಡಾಕಾರದ ಕಿಂಡಿಯಲ್ಲಿ ಕೂತಿದೆ. ಈ ಮೂಳೆಯ ಎತ್ತರ ಸುಮಾರು 3 ಮಿ.ಮೀ. ಅಷ್ಟೇ!

ಈಗ ಲಿಗಮೆಂಟ್. ಮ್ಯಾಲಿಯಸ್‌ನ ಕುತ್ತಿಗೆಯಿಂದ ಮುಂದಿನ ಗೋಡೆಗೆ ಒಂದು ಗೆರೆ. ಇಂಕಸ್‌ನ ಗಿಡ್ಡ ಕಾಲಿನಿಂದ ಹಿಂದಿನ ಗೋಡೆಯ ಪುಟ್ಟ ಗುಳಿಗೆ ಇನ್ನೊಂದು. ಈ ಎರಡನ್ನೂ ಸೇರಿಸಿ ಉದ್ದಕ್ಕೆ ಒಂದು ಚುಕ್ಕಿಗೆರೆ ಎಳೆಯಿರಿ. ತಮಟೆ ಅದುರಿದಾಗ ಮ್ಯಾಲಿಯಸ್ ಮತ್ತು ಇಂಕಸ್ ಎರಡೂ ಹೆಚ್ಚುಕಡಿಮೆ ಈ ಗೆರೆಯ ಸುತ್ತಲೇ ತೂಗುತ್ತವೆ, ಹಾಗಾಗಿ ಇದೊಂದು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಜಾಗಕ್ಕೆ ಬರುತ್ತದೆ. ಮ್ಯಾಲಿಯಸ್‌ನಿಂದ ಬಲಕ್ಕೆ, ತಮಟೆಯ ಮೇಲಿರುವ ಮೂಳೆಯ ಅಂಚಿಗೆ ಮತ್ತೊಂದು ಗೆರೆ. ಚಾವಣಿಗೆ ಏರುವ ಲಿಗಮೆಂಟ್‌ಗಳು ನಮ್ಮ ಕಡೆಗೇ ಬರುತ್ತವಲ್ಲ, ಅವಕ್ಕೆ ಮ್ಯಾಲಿಯಸ್ ಮತ್ತು ಇಂಕಸ್ ಮೇಲೆ ಒಂದೊಂದು ಚುಕ್ಕಿ ಸಾಕು.

ಸ್ಟೇಪಿಸ್‌ನದ್ದು ಬೇರೆ ಥರ. ಅದರ ಪಾದದ ಸುತ್ತ ಉಂಗುರದಂಥ ಲಿಗಮೆಂಟ್ ಇದೆ. ಪಾದದ ಅಂಚಿನ ಮೃದ್ವಸ್ಥಿಯನ್ನು ಕಿಂಡಿಯ ಅಂಚಿನ ಮೃದ್ವಸ್ಥಿಗೆ ಅದು ಜೋಡಿಸುತ್ತದೆ. ಒಳಕಿವಿಯ ದ್ರವ ಹೊರಬರಬಾರದು, ಆದರೆ ಪಾದ ಅಲುಗಾಡಲೂಬೇಕು: ಎರಡೂ ಕೆಲಸ ಇದರದ್ದೇ. ಓಟೋಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ ಇಲ್ಲಿ ಹೊಸ ಮೂಳೆ ಬೆಳೆದು ಪಾದ ಬಿಗಿದುಕೊಂಡರೆ ಕಿವಿ ಮಂದವಾಗುತ್ತದೆ.

ಸ್ನಾಯುವನ್ನು ಮೂಳೆಗೆ ಕೂಡಿಸುವ ನಾರು, ಅಂದರೆ ಟೆಂಡನ್, ಇಲ್ಲಿ ಎರಡೇ, ಅವಕ್ಕೆ ಬೇರೆ ಬಣ್ಣ ಬಳಸಿ. ಟೆನ್ಸರ್ ಟಿಂಪನಿ ಸ್ನಾಯು ಮುಂದಿನಿಂದ ಒಂದು ಮೂಳೆಯ ಕಾಲುವೆಯೊಳಗೆ ಹಿಂದಕ್ಕೆ ಬರುತ್ತದೆ. ಅದರ ಟೆಂಡನ್ ಚಮಚದಾಕಾರದ ಮೂಳೆಯ ಮುಂಚಾಚನ್ನು ಬಳಸಿ, ಬಾವಿಯ ರಾಟೆಯ ಮೇಲೆ ಹಗ್ಗ ತಿರುಗುವ ಹಾಗೆ, ಹೆಚ್ಚುಕಡಿಮೆ ಲಂಬಕೋನದಲ್ಲಿ ಬಲಕ್ಕೆ ತಿರುಗಿ ಮ್ಯಾಲಿಯಸ್‌ಗೆ ಕೂಡುತ್ತದೆ. ತುಂಬ ಜನ ಇದನ್ನು ಮ್ಯಾಲಿಯಸ್‌ನ ತಲೆಗೇ ಜೋಡಿಸಿ ಬರೆಯುತ್ತಾರೆ. ಅದು ಕೂಡುವುದು ಮ್ಯಾಲಿಯಸ್‌ನ ಹಿಡಿಯ, ಅಂದರೆ ತಮಟೆಗೆ ಅಂಟಿಕೊಂಡ ಉದ್ದನೆಯ ಭಾಗದ, ಮೇಲ್ತುದಿಗೆ, ಒಳಮಗ್ಗುಲಲ್ಲಿ. ಎಳೆದಾಗ ಹಿಡಿಯೂ ತಮಟೆಯೂ ಒಳಕ್ಕೆ ಬಿಗಿಯುತ್ತವೆ.

ಸ್ಟೇಪೀಡಿಯಸ್ ನಮ್ಮ ಮೈಯಲ್ಲೇ ಅತಿ ಚಿಕ್ಕ ಅಸ್ಥಿಸ್ನಾಯು, ಸುಮಾರು 6 ಮಿ.ಮೀ. ಹಿಂದಿನ ಗೋಡೆಯಲ್ಲಿರುವ ಪಿರಮಿಡ್‌ನಂಥ ಉಬ್ಬಿನೊಳಗೆ ಅಡಗಿದೆ. ಉಬ್ಬಿನ ತುದಿಯಿಂದ ಟೆಂಡನ್ ಮಾತ್ರ ಹೊರಬಂದು ಸ್ಟೇಪಿಸ್‌ನ ಕುತ್ತಿಗೆಯ ಹಿಂಬದಿಗೆ ಸೇರುತ್ತದೆ. ಎಳೆದಾಗ ಸ್ಟೇಪಿಸ್ ಹಿಂದಕ್ಕೆ ವಾಲುತ್ತದೆ, ಸದ್ದು ಒಳಗೆ ಹೋಗುವುದು ತಗ್ಗುತ್ತದೆ. ಜೋರು ಸದ್ದು ಒಂದೇ ಕಿವಿಗೆ ಬಿದ್ದರೂ ಎರಡೂ ಕಡೆಯ ಸ್ಟೇಪೀಡಿಯಸ್ ಬಿಗಿಯುತ್ತವೆ.

ಕೊನೆಗೆ ನರಗಳನ್ನು ಗುರುತು ಹಾಕಿ. ಟೆನ್ಸರ್‌ಗೆ ಟ್ರೈಜೆಮಿನಲ್ ನರದ ಕೆಳದವಡೆಯ ಕವಲು, ಸ್ಟೇಪೀಡಿಯಸ್‌ಗೆ ಮುಖದ ನರ. ಇದನ್ನು ಬಿಡಬೇಡಿ. ಈ ಮುಖದ ನರ ಕೆಟ್ಟು ಮುಖದ ಒಂದು ಪಕ್ಕ ಸೋತವರಲ್ಲಿ ಕೆಲವರಿಗೆ ಮಾಮೂಲಿ ಸದ್ದೂ ಆ ಕಿವಿಗೆ ತೀರಾ ಜೋರಾಗಿ ಕೇಳುವುದು ಯಾಕೆ ಅಂತ ನಿಮ್ಮ ಚಿತ್ರ ನೋಡಿದರೇ ಗೊತ್ತಾಗುತ್ತದೆ.